ಪಟ್ಟದ ಹೆಸರಿಗೆ ಬಂದ ಅನುಮತಿ

ಮಾಂಗೆರೆ, ಆಕ್ಲೆಂಡ್
3 ಫೆಬ್ರವರಿ 2025

ತಮ್ಮ ಪೆಸಮಿನೋಗೆ,

ಆರು ವರ್ಷದ ಮೇಲೆ ಅಕ್ಕನ ಪತ್ರ ಬಂತೆಂದು ಗಾಬರಿಯಾಗಬೇಡ. ಯಾರೂ ಸತ್ತಿಲ್ಲ. ಫೋನ್ ಮಾಡಬಹುದಿತ್ತು, ಕ್ರಿಸ್‌ಮಸ್ಸಿಗೆ ಮಾಡಿಯೂ ನೋಡಿದೆ. ನಾನು "ಹಲೋ, ಪೆಸಮಿನೋ" ಅಂದೆ. ನೀನು "ಆ ಹೆಸರಿನವರು ಇಲ್ಲಿ ಯಾರೂ ಇಲ್ಲ" ಎಂದು ಇಟ್ಟುಬಿಟ್ಟೆ. ನಮ್ಮಿಬ್ಬರ ಫೋನು ಹೀಗೆ ಹಲೋದಲ್ಲೇ ಮುಗಿಯುತ್ತದೆ. ಬರೆದು ಕಳಿಸಿದರೆ ಸಿಟ್ಟು ಬಂದರೂ ಕೊನೆಯ ಸಾಲಿನ ತನಕ ಓದುತ್ತೀಯ. ಚಿಕ್ಕಂದಿನಿಂದ ನಿನಗೆ ಸಿಟ್ಟಿಗಿಂತ ಕುತೂಹಲ ಒಂದು ಹಿಡಿ ಹೆಚ್ಚು. ಅದಕ್ಕೇ ನನ್ನ ಗಂಡ ಸೊಲೊಮೋನಾನ ಕಂಪ್ಯೂಟರಿನಲ್ಲಿ ಒಂದೊಂದೇ ಅಕ್ಷರ ಹುಡುಕಿ ಕುಟ್ಟಿ ಇ-ಮೇಲ್ ಮಾಡುತ್ತಿದ್ದೇನೆ.

ವಿಷಯ ಅಮ್ಮನದು. ವಾರಕ್ಕೆ ಮೂರು ದಿನ ಡಯಾಲಿಸಿಸ್ ನಡೆದಿದೆ. ಬೆಳಿಗ್ಗೆ ಆಸ್ಪತ್ರೆಯ ವ್ಯಾನು ಬರುತ್ತದೆ. ಅದಕ್ಕೆ ಅಮ್ಮ "ನನ್ನ ಬಸ್ಸು" ಅನ್ನುತ್ತಾಳೆ. ಅಲ್ಲಿ ಯಂತ್ರಕ್ಕೆ ಕಟ್ಟಿಹಾಕಿದ ನಾಲ್ಕು ಮುದುಕಿಯರನ್ನು ಸೇರಿಸಿಕೊಂಡು ಭಜನೆ ಮಂಡಳಿ ಮಾಡಿಕೊಂಡಿದ್ದಾಳೆ. ಸಹಿಸಲಾರದೆ ನರ್ಸು ಕಿವಿಗೆ ಹತ್ತಿ ಇಟ್ಟುಕೊಳ್ಳುತ್ತಾಳಂತೆ. ಆದರೆ ಅಮ್ಮನ ಹೃದಯ ಸೋತಿದೆ ಎಂದು ಡಾಕ್ಟರು ಹೇಳಿದರು. ಈಗೀಗ ದಿನಾ ಕೇಳುತ್ತಾಳೆ:

"ಮಿನೋ ಎಲ್ಲಿದಾನೆ?"

"ಆಸ್ಟ್ರೇಲಿಯಾದಲ್ಲಮ್ಮ."

"ಅದು ಗೊತ್ತು ಕಣೇ. ಕೆಟ್ಟಿರೋದು ಕಿಡ್ನಿ, ತಲೆ ಅಲ್ಲ. ಯಾಕೆ ಅಲ್ಲಿದಾನೆ ಅಂತ ಕೇಳ್ದೆ."

ಇದಕ್ಕೆ ಉತ್ತರ ನೀನೇ ಬಂದು ಹೇಳು. ಒಂದೇ ದಿನ ನಮ್ಮ ಮನೆತನದ ಒಂದೇ ಯಜಮಾನಿಕೆಯ ಪಟ್ಟವನ್ನು ನೀನೂ ಸೇರಿ ಹನ್ನೊಂದು ಜನಕ್ಕೆ ಕಟ್ಟಿದ ಆ ಮಹಾ ಸಮಾರಂಭದ ಬಗ್ಗೆ ನಾನು ಬಾಯಿ ಬಿಡುವುದಿಲ್ಲ, ನೋಡು, ಈ ಪತ್ರದಲ್ಲೂ ಬಿಟ್ಟಿಲ್ಲ.

ನಿನ್ನ ಅಕ್ಕ,
ಲೋಸಿವಾಲೆ

*

ಲೋಗನ್, ಬ್ರಿಸ್ಬೇನ್
20 ಫೆಬ್ರವರಿ

ಶ್ರೀಮತಿ ಲೋಸಿವಾಲೆಯವರಿಗೆ,

ಪೆಸಮಿನೋ ಎಂಬುವರಿಗೆ ಬರೆದ ನಿಮ್ಮ ಪತ್ರ ದಾರಿ ತಪ್ಪಿ ನನ್ನ ಬಳಿ ಬಂದಿದೆ. ತಿಳಿಸಲು ವಿಷಾದವಾಗುತ್ತದೆ, ಅವರು ಆರು ವರ್ಷದ ಹಿಂದೆ ಸಮೋವಾದ ಸವಾಯಿ ದ್ವೀಪದ ನಮ್ಮೂರಿನಲ್ಲಿ, ಪಟ್ಟ ಕಟ್ಟುವಾಗ ಕುಡಿಸುವ ಕಾವಾ ಪಾನದ ಬಟ್ಟಲಿನ ಎದುರು, ಊರಿನ ಹಿರಿಯರೆಲ್ಲ ನೋಡುತ್ತಿರುವಂತೆಯೇ ತೀರಿಕೊಂಡರು. ಅದೇ ಗಳಿಗೆಯಲ್ಲಿ ಅದೇ ಜಾಗದಲ್ಲಿ ಲೆಮತವಾಯಿ ಹುಟ್ಟಿದರು. ಅಪ್ಪ ಸಾಯುವ ತನಕ ಹೊತ್ತಿದ್ದ ಪಟ್ಟದ ಹೆಸರು ಅದು. ಇಲ್ಲಿ ಚರ್ಚಿನಲ್ಲಿ ಪಾದ್ರಿಯಿಂದ ಹಿಡಿದು ಕಾರು ನಿಲ್ಲಿಸುವವನ ತನಕ ನನ್ನನ್ನು ಹಾಗೆಯೇ ಕರೆಯುತ್ತಾರೆ. ಕರೆಯದವಳು ಭೂಮಿಯ ಮೇಲೆ ಒಬ್ಬಳೇ. ಅವಳು ನನ್ನ ಒಡಹುಟ್ಟಿದವಳು.

ಅಕ್ಕಾ, ಸ್ವಲ್ಪ ಯೋಚನೆ ಮಾಡು. ವಾರವಿಡೀ ಮಾಂಸದ ಕಾರ್ಖಾನೆಯಲ್ಲಿ ಹಸುವಿನ ಮೂಳೆ ಬಿಡಿಸುತ್ತೇನೆ. ಅಲ್ಲಿ ನನ್ನನ್ನು "ಏಯ್, ಪೆಸ್" ಎಂದು ಕರೆಯುವ ಮೇಸ್ತ್ರಿಗೆ ನನ್ನ ಮಗನ ವಯಸ್ಸು. ಭಾನುವಾರ ಬಿಳಿ ಅಂಗಿ ಹಾಕಿಕೊಂಡು ಹೋದರೆ ಹತ್ತು ಜನ ಎದ್ದು ಜಾಗ ಬಿಡುತ್ತಾರೆ, "ದಯಮಾಡಿಸಬೇಕು" ಅನ್ನುತ್ತಾರೆ. ಆ ಒಂದು ದಿನ ನಿನ್ನ ಕಣ್ಣು ಕುಕ್ಕುತ್ತದೆಯೇ?

ಬರುವುದೆಂದರೆ ನಿನಗೆ ತಮಾಷೆ. ನನ್ನ ಹೆಂಡತಿ ತಾವಾಗಾ, ಮಕ್ಕಳು ಎಲ್ಲ ಕಾಂಗರೂ ಪಾಸ್‌ಪೋರ್ಟಿನವರು. ಬಟ್ಟೆ ತುಂಬಿಕೊಂಡು ಹೊರಟರಾಯಿತು. ನಾನೊಬ್ಬ ಸಮೋವಾದ ಪಾಸ್‌ಪೋರ್ಟು ಬಿಡದವನು. ನಿಮ್ಮ ದೇಶಕ್ಕೆ ಕಾಲಿಡುವ ಮೊದಲು ಇಂಟರ್‌ನೆಟ್ಟಿನಲ್ಲಿ ಅರ್ಜಿ ಹಾಕಿ, ಮುಖ ತೋರಿಸಿ, "ಬರಬಹುದೇ ಧಣಿ" ಎಂದು ಪ್ರಯಾಣದ ಅನುಮತಿ ಬೇಡಬೇಕು. ನಮ್ಮ ತಾತನ ಕಾಲದಲ್ಲಿ ಆ ದೇಶದವರು ಹಡಗು ತಂದು ನಮ್ಮ ದ್ವೀಪದಲ್ಲಿ ಇಳಿದು ಯಜಮಾನರಾಗಿ ಕೂತಾಗ ಯಾವ ಅರ್ಜಿ ತುಂಬಿದ್ದರು ಎಂದು ಯಾರಾದರೂ ಕೇಳಿದ್ದಾರೆಯೇ?

ಆದರೂ ತುಂಬುತ್ತೇನೆ. ಎರಡು ಷರತ್ತು. ಒಂದು, ನನ್ನನ್ನು ನನ್ನ ಹೆಸರಿನಿಂದ ಕರೆ. ಎರಡು, ನನ್ನ ಪಟ್ಟ ನೋಂದಣಿಯಾಗಬಾರದೆಂದು ನಮ್ಮ ರಾಜಧಾನಿ ಅಪಿಯಾದ ಕೋರ್ಟಿನಲ್ಲಿ ನೀನು ಹಾಕಿರುವ ತಕರಾರನ್ನು ವಾಪಸು ತೆಗೆ. ಅಕ್ಕ ಒಪ್ಪದ ಪಟ್ಟ ಪಟ್ಟವಲ್ಲ ಎಂದು ನಮ್ಮಲ್ಲಿ ಶಾಸ್ತ್ರ ಮಾಡಿದವನು ಯಾವನೋ, ಅವನಿಗೂ ಒಬ್ಬಳು ಅಕ್ಕ ಇದ್ದಿರಬೇಕು.

ಅಮ್ಮನಿಗೆ ನನ್ನ ಪ್ರೀತಿ ತಿಳಿಸು.

ಲೆಮತವಾಯಿ

*

ಮಾಂಗೆರೆ
11 ಮಾರ್ಚ್

ಪೆಸಮಿನೋ,

ನಿನ್ನ ಷರತ್ತುಗಳನ್ನು ಪ್ರಿಂಟು ತೆಗೆದು ಒಲೆಯ ಮೇಲಿನ ಗೋಡೆಗೆ ಅಂಟಿಸಿದ್ದೇನೆ, ಹೊಗೆ ಚೆನ್ನಾಗಿ ಹಿಡಿಯುತ್ತಿದೆ.

ಅಪ್ಪ ಮಲಗಿದ ಮೂರು ವರ್ಷ ಅವನ ಮಲಮೂತ್ರ ಬಳಿದವನು ಯಾರು? ಚಿಕ್ಕಪ್ಪನ ಮಗ ಲಾಫೋ. ಬೆಳಗಾಗುವ ಮೊದಲು ಎದ್ದು ಕಲ್ಲು ಕಾಯಿಸಿ, ದಿವಿಹಲಸು ಸುಟ್ಟು, ಅಪ್ಪನ ಬಾಯಿಗೆ ಬಿಸಿಬಿಸಿ ಇಟ್ಟವನು ಲಾಫೋ. ಸೇವೆ ಮಾಡಿದವನಿಗೆ ಪಟ್ಟ ಎಂದು ಅಪ್ಪ ಬದುಕಿದ್ದಷ್ಟು ಕಾಲ ಹೇಳಿದ. ನೀನು ಎರಡು ಸೂಟ್‌ಕೇಸು, ಉಪ್ಪುಮಾಂಸದ ಬಕೆಟ್ಟು ಹಿಡಿದು ವಿಮಾನದಲ್ಲಿ ಬಂದು, ನಾಲ್ಕು ದಿನ ಇದ್ದು, ಪಟ್ಟ ಕಟ್ಟಿಸಿಕೊಂಡು, ಹೂಮಾಲೆ ಬಾಡುವ ಮೊದಲೇ ವಾಪಸು ಹಾರಿದೆ. ಲಾಫೋ ಆ ದಿನವೂ ಹನ್ನೊಂದು ಜನ ಪ್ರಭುಗಳಿಗೆ ಅಡಿಗೆ ಮಾಡುತ್ತಿದ್ದ. ನಾನು ತಕರಾರು ಹಾಕಿದ್ದು ನಿನ್ನ ಮೇಲಿನ ಹೊಟ್ಟೆಯುರಿಯಿಂದಲ್ಲ, ಅವನ ಬೆನ್ನು ನೋಡಿ.

ನಿನ್ನ ಪತ್ರ ಅಮ್ಮನಿಗೆ ಓದಿದೆ. ಕೊನೆಯ ಸಾಲು ಮಾತ್ರ ಓದಿದೆ. "ಪ್ರೀತಿ ತಿಳಿಸು ಅಂದನಾ? ಅವನೇನು ಪೋಸ್ಟ್‌ಮ್ಯಾನಾ?" ಅಂದಳು.

ಲೋಸಿವಾಲೆ

*

ಲೋಗನ್
2 ಏಪ್ರಿಲ್

ಈ ವಿಳಾಸದಲ್ಲಿ ಪೆಸಮಿನೋ ಎಂಬುವರು ಇರುವುದಿಲ್ಲ. ದಯವಿಟ್ಟು ಮತ್ತೆ ಬರೆಯಬೇಡಿ.

ಲೆಮತವಾಯಿ

*

ಮಾಂಗೆರೆ
12 ಮೇ

ಸನ್ಮಾನ್ಯ ಲೆಮತವಾಯಿಯವರ ಸನ್ನಿಧಾನಕ್ಕೆ,

ಕುರ್ಚಿ ಗಟ್ಟಿಯಾಗಿ ಹಿಡಿದುಕೊಳ್ಳಿ, ನೀವು ಓದುತ್ತಿರುವುದು ಸರಿಯಾಗಿಯೇ ಇದೆ. ಸೊಲೊಮೋನಾ ಹಿಂದೆ ನಿಂತು ನೋಡುತ್ತಿದ್ದಾನೆ. "ಹುಷಾರಾಗಿದೀಯಾ?" ಎಂದು ಎರಡು ಸಲ ಕೇಳಿದ.

ನಿನ್ನೆ ಅಮ್ಮಂದಿರ ದಿನ. ಚರ್ಚಿನಲ್ಲಿ ಎಲ್ಲರಿಗಿಂತ ಹಿರಿಯ ತಾಯಿಯೆಂದು ಅಮ್ಮನ ಕೊರಳಿಗೆ ಮಾಲೆ ಹಾಕಿದರು. ಮನೆಗೆ ಬಂದವಳೇ ಮಾಲೆ ತೆಗೆದು ನನ್ನ ಕೈಗೆ ಕೊಟ್ಟಳು.

"ಲೋಸಿ, ಸಾಕಾಯ್ತು. ಇನ್ನು ಆ ಬಸ್ಸು ಹತ್ತಲ್ಲ."

"ಯಾಕಮ್ಮ? ನಿಲ್ಲಿಸಿದ್ರೆ ಡಾಕ್ಟರು ಹೇಳಿದ್ದು ಗೊತ್ತಲ್ಲ, ಹೆಚ್ಚಂದ್ರೆ ಒಂದು ವಾರ, ಹತ್ತು ದಿನ."

"ಗೊತ್ತು. ಎಂಬತ್ತೇಳು ವರ್ಷದ ಮೇಲೆ ಹತ್ತು ದಿನ ಬೋನಸ್ಸು. ಆದ್ರೆ ಮಿನೋ ಬರ್ಲಿ. ಅವನ ಮುಖ ನೋಡ್ಕೊಂಡು ಆಮೇಲೆ ಹೊರಡ್ತೀನಿ. ಅವನು ಬರೋದು ಖಾತ್ರಿ ಆಗೋವರೆಗೂ ಹತ್ತುತೀನಿ, ಬೇಜಾರು ಮಾಡ್ಕೋಬೇಡ."

ನಾನು ಮಾಲೆಯನ್ನು ಮೊಳೆಗೆ ತೂಗುಹಾಕಿದೆ. ಅವಳೇ ಮತ್ತೆ ಅಂದಳು:

"ಅವನ ಪಟ್ಟ ಅವನಿಗೆ ಕೊಟ್ಬಿಡೇ. ಹನ್ನೊಂದು ಜನ ಹಂಚ್ಕೊಂಡಿರೋ ಗಂಜಿಗೆ ನೀನೊಬ್ಳು ಮುಚ್ಚಳ ಹಿಡ್ಕೊಂಡು ಕೂತಿದೀಯ."

ಇಂದು ಬೆಳಿಗ್ಗೆ ಅಪಿಯಾಕ್ಕೆ ಕಾಗದ ಹಾಕಿದೆ. ನನ್ನ ತಕರಾರು ವಾಪಸು. ಲಾಫೋನಿಗೆ ಫೋನ್ ಮಾಡಿ ಹೇಳಿದಾಗ ಅವನು ನಕ್ಕು, "ನಿನಗೆ ಇನ್ನೂ ಅದು ನೆನಪಿತ್ತಾ ಅಕ್ಕಾ?" ಅಂದ. ಆರು ವರ್ಷ ನಾನು ಯಾರಿಗೋಸ್ಕರ ಜಗಳವಾಡಿದೆ?

ಆದ್ದರಿಂದ, ಲೆಮತವಾಯಿಯವರೇ, ನಮ್ಮ ಬಡ ಮನೆಗೆ ದಯಮಾಡಿಸಬೇಕು. ಆದಷ್ಟು ಬೇಗ ದಯಮಾಡಿಸಬೇಕು.

ನಿಮ್ಮ ಅಕ್ಕ,
ಲೋಸಿವಾಲೆ

*

ಲೋಗನ್
15 ಮೇ

ಅಕ್ಕಾ,

ನಿನ್ನ ಪತ್ರವನ್ನು ತಾವಾಗಾ ಓದಿದಳು, ನಾನು ಓದಿದೆ, ಆಮೇಲೆ ಅವಳು ನನಗೆ ಜೋರಾಗಿ ಓದಿ ಹೇಳಿದಳು. ಮೇಸ್ತ್ರಿಗೆ ರಜ ಕೇಳಿದೆ. "ಏನಾಯ್ತು ಪೆಸ್, ಕಣ್ಣಲ್ಲಿ ಈರುಳ್ಳಿ ಹೋಯ್ತಾ?" ಅಂದ. ನಮ್ಮ ಸಾಲಿನಲ್ಲಿ ಈರುಳ್ಳಿ ಕತ್ತರಿಸುವುದಿಲ್ಲ ಎಂದು ಅವನಿಗೂ ಗೊತ್ತು.

ಮಂಗಳವಾರ ಚರ್ಚಿನ ಕಂಪ್ಯೂಟರಿನ ಮುಂದೆ ಕೂತು, ಯಾರ ಸಹಾಯವೂ ಇಲ್ಲದೆ, ನಿಮ್ಮ ದೇಶದ ಘನ ಸರ್ಕಾರಕ್ಕೆ ಅರ್ಜಿ ಹಾಕಿದೆ. ಮೊದಲು ಫೋಟೋ ಕೇಳಿತು. ಪಟ್ಟದ ದಿನದ್ದು ಕೊಟ್ಟೆ, ಕೊರಳಲ್ಲಿ ಮಾಲೆ, ಕಿವಿಯ ಮೇಲೆ ಹೂವು. ಬೇಡ ಅಂದಿತು. ಮಾಲೆ ಇಲ್ಲದ್ದು ಕೊಟ್ಟೆ. ಅದೂ ಬೇಡ, ನಗಬಾರದಂತೆ. ಕೊನೆಗೆ ತಾವಾಗಾ ಗೋಡೆಗೆ ನಿಲ್ಲಿಸಿ ತೆಗೆದ ಪಟ, ಪೊಲೀಸರು ಹುಡುಕುತ್ತಿರುವವನ ಹಾಗಿರುವುದು, ಅದನ್ನು ಮರುಮಾತಿಲ್ಲದೆ ನುಂಗಿತು. ಆಮೇಲೆ ಪ್ರಶ್ನೆಗಳು. "ನಿಮ್ಮನ್ನು ಯಾವುದಾದರೂ ದೇಶದಿಂದ ಹೊರಹಾಕಲಾಗಿದೆಯೇ?" "ದೇಶದಿಂದ ಇಲ್ಲ, ಅಕ್ಕನ ಮನೆಯಿಂದ" ಎಂದು ಬರೆಯಲು ಜಾಗವೇ ಇರಲಿಲ್ಲ, ಹೌದು, ಇಲ್ಲ ಎರಡೇ.

ಈಗ ಮುಖ್ಯ ಸಂಗತಿ ಕೇಳು. ಹೆಸರಿನ ಜಾಗಕ್ಕೆ ಬಂದಾಗ ಕೈ ನಿಂತಿತು. ಪಾಸ್‌ಪೋರ್ಟಿನಲ್ಲಿರುವುದನ್ನೇ ಬರೆಯಿರಿ ಎಂದು ಸಣ್ಣಕ್ಷರದಲ್ಲಿ ಹೇಳುತ್ತಿತ್ತು. ಪಾಸ್‌ಪೋರ್ಟು ಪಟ್ಟಕ್ಕಿಂತ ಹಳೆಯದು; ನಿನ್ನ ತಕರಾರಿನಿಂದ ಅದನ್ನು ಬದಲಾಯಿಸಲೂ ಆಗಿರಲಿಲ್ಲ. ಆದರೆ ಈಗ ತಕರಾರೆಲ್ಲಿದೆ? ನಿನ್ನ ಪತ್ರ ಜೇಬಿನ ಫೋನಿನಲ್ಲಿತ್ತು. ಅಕ್ಕನೇ ಲೆಮತವಾಯಿ ಎಂದು ಬರೆದ ಮೇಲೆ ನಾನು ಪೆಸಮಿನೋ ಎಂದು ಬರೆದರೆ ನಿನಗೆ ಅವಮಾನವಲ್ಲವೇ? ದೊಡ್ಡಕ್ಷರದಲ್ಲಿ ಲೆಮತವಾಯಿ ಎಂದು ಕುಟ್ಟಿದೆ. ಕೆಳಗೆ "ಇತರ ಹೆಸರುಗಳು" ಎಂದೊಂದು ಸಣ್ಣ ಜಾಗವಿತ್ತು, ಪಾಪ, ಪೆಸಮಿನೋನನ್ನು ಅಲ್ಲಿ ಕೂರಿಸಿದೆ.

ಮರುದಿನ ಬೆಳಿಗ್ಗೆ ಉತ್ತರ! "ಮಾನ್ಯ ಲೆಮತವಾಯಿ, ನಿಮಗೆ ಪ್ರಯಾಣದ ಅನುಮತಿ ನೀಡಲಾಗಿದೆ." ನೋಡಿದೆಯಾ? ಆರು ವರ್ಷ ನೀನು ಒಪ್ಪದೆ ಕೂತದ್ದನ್ನು ಸರ್ಕಾರ ಒಂದೇ ರಾತ್ರಿಯಲ್ಲಿ ಒಪ್ಪಿತು. ಚರ್ಚಿನವರಿಗೆಲ್ಲ ತೋರಿಸಿದೆ. ಪಾದ್ರಿ ಪ್ರಾರ್ಥನೆಯಲ್ಲಿ ಒಂದು ಸಾಲು ಸೇರಿಸಿದರು.

ಬರುವ ಗುರುವಾರ, ಇಪ್ಪತ್ತೆರಡಕ್ಕೆ ಹೊರಡುತ್ತೇನೆ. ಅಂದೇ ಸಂಜೆ ನಿನ್ನ ಬಾಗಿಲಲ್ಲಿ. ಈ ಪತ್ರವನ್ನು ಅಮ್ಮನಿಗೆ ಪೂರ್ತಿ ಓದು, ಕೊನೆಯ ಸಾಲು ಮಾತ್ರವಲ್ಲ.

ನಿನ್ನ ತಮ್ಮ,
ಲೆಮತವಾಯಿ

*

ಮಾಂಗೆರೆ
19 ಮೇ

ಲೆಮತವಾಯಿಯವರಿಗೆ,

ಪೂರ್ತಿ ಓದಿದೆ. ಫೋಟೋದ ಕಥೆಗೆ ಅಮ್ಮ ನಕ್ಕು ನಕ್ಕು ಕೆಮ್ಮಿ ಅರ್ಧ ಲೋಟ ನೀರು ಕುಡಿದಳು. ಅವಳಿಗೆ ದಿನಕ್ಕೆ ಇಷ್ಟೇ ನೀರು ಎಂದು ಲೆಕ್ಕ. ಸರ್ಕಾರದ ಸಾಲನ್ನು ಎರಡು ಸಲ ಓದಿಸಿದಳು.

ಇವತ್ತು ಸೋಮವಾರ. ವ್ಯಾನು ಬಂದು ಹಾರ್ನ್ ಹಾಕಿತು. ಅಮ್ಮ ಹೊಸ ಉಡುಪು ಹಾಕಿಕೊಂಡು ಬಾಗಿಲ ತನಕ ಹೋಗಿ, ಡ್ರೈವರನಿಗೆ ಕೈಮುಗಿದು, "ಇನ್ನು ಬರ್ಬೇಡಪ್ಪ, ನನ್ನ ಮಗ ಬರ್ತಿದಾನೆ" ಎಂದು ವಾಪಸು ಕಳಿಸಿದಳು.

ನಾನು ಕೂಗಾಡಿದೆ. "ಅವನು ಇಳಿಯೋವರೆಗಾದ್ರೂ ಹೋಗಮ್ಮ! ಇವತ್ತು, ಬುಧವಾರ, ಎರಡೇ ಸಲ!"

"ಯಾಕೆ, ವಿಮಾನ ಬೀಳತ್ತಾ?"

"ಹಾಗಲ್ಲ..."

"ಸರ್ಕಾರ ಬರ್ಕೊಟ್ಟಿದೆ ಅಂತ ನೀನೇ ಓದಿದ್ಯಲ್ಲೇ. ಮಾತು ಕೊಟ್ಟೋರ ಮುಂದೆ ಅನುಮಾನ ತೋರಿಸ್ಬಾರ್ದು. ಹೋಗು, ಎಲೆಗಳಿದ್ರೆ ತಗೊಂಬಾ."

ಎಲೆಯೆಂದರೆ ಕೆಸುವಿನ ಎಲೆ. ನಾಲ್ಕು ವರ್ಷದಿಂದ ಮುಟ್ಟದ ತೆಂಗಿನ ಹಾಲು, ಬಾಳೆಹಣ್ಣು, ಉಪ್ಪು ಎಲ್ಲ ಒಂದೇ ಸಲ ಬೇಕಂತೆ. ಎಲೆಯಲ್ಲಿ ತೆಂಗಿನ ಹಾಲು ಕಟ್ಟಿ ಬೇಯಿಸಿಕೊಟ್ಟೆ. ಬೆರಳು ನೆಕ್ಕಿಕೊಂಡು ತಿಂದಳು. ಪಕ್ಕದ ಮನೆಯವರು, ಚರ್ಚಿನ ಹೆಂಗಸರು, ಡಯಾಲಿಸಿಸ್ಸಿನ ಆ ನಾಲ್ಕು ಮುದುಕಿಯರಲ್ಲಿ ಇಬ್ಬರು, ಎಲ್ಲರೂ ಬಂದಿದ್ದಾರೆ. ಮನೆಯಲ್ಲಿ ಮದುವೆಯ ಗದ್ದಲ. ಯಾರೂ ಅಳುತ್ತಿಲ್ಲ, ಅತ್ತರೆ ಅಮ್ಮ ಬೈಯುತ್ತಾಳೆ.

ಗುರುವಾರ ಒಂದು ನಿಮಿಷವೂ ತಡ ಮಾಡಬೇಡ.

ಲೋಸಿವಾಲೆ

*

ಲೋಗನ್
22 ಮೇ

ಅಕ್ಕಾ,

ಮಧ್ಯಾಹ್ನ ಫೋನಿನಲ್ಲಿ ನಾನು ಹೇಳಿದ್ದು ನಿನಗೆ ಅರ್ಥವಾಗಿರಲಿಕ್ಕಿಲ್ಲ. ನನಗೂ ಆಗಿರಲಿಲ್ಲ. ಬರೆಯುತ್ತೇನೆ.

ಕೌಂಟರಿನ ಹುಡುಗಿ ಒಳ್ಳೆಯವಳು. ಪಾಸ್‌ಪೋರ್ಟು ಹಾಕಿದಳು, ಕಂಪ್ಯೂಟರು ಕೆಂಪಾಯಿತು. ಮತ್ತೆ ಹಾಕಿದಳು, ಮತ್ತೆ ಕೆಂಪು.

"ಸರ್, ಪ್ರಯಾಣದ ಅನುಮತಿ ತಗೊಂಡಿದೀರಾ?"

ಜೇಬಿನಿಂದ ತೆಗೆದು ಕೊಟ್ಟೆ. ಮಡಿಸಿ ಮಡಿಸಿ ಗೆರೆ ಬಿದ್ದಿತ್ತು.

"ಇದು ಲೆಮತವಾಯಿ ಅನ್ನೋರದು."

"ನಾನೇ."

"ಪಾಸ್‌ಪೋರ್ಟಲ್ಲಿ ಪೆಸಮಿನೋ ಅಂತಿದೆಯಲ್ಲ ಸರ್."

"ಅದು ಹಳೇ ಹೆಸರು, ಮಗಳೇ. ನನಗೆ ಪಟ್ಟ ಆಗಿದೆ."

"ಸರಿ. ಹೊಸ ಪಾಸ್‌ಪೋರ್ಟ್ ಎಲ್ಲಿ?"

"ಮಾಡ್ಸೋಕೆ ಆಗ್ಲಿಲ್ಲ. ಅಕ್ಕ ಬಿಡ್ಲಿಲ್ಲ. ಈಗ ಬಿಟ್ಟಿದಾಳೆ."

ಅವಳು ಬಹಳ ಹುಷಾರಾಗಿ ಕೇಳಿದಳು. "ನಿಮ್ಮ ಅಕ್ಕ ಎಲ್ಲಿ ಕೆಲ್ಸ ಮಾಡ್ತಾರೆ ಸರ್?"

ಹಿಂದಿನ ಸಾಲಿನಲ್ಲಿ ನಮ್ಮ ಚರ್ಚಿನ ಒಬ್ಬ ನಿಂತಿದ್ದ. ಸಹಾಯ ಮಾಡೋಣವೆಂದು ಜೋರಾಗಿ, "ನಮಸ್ಕಾರ ಲೆಮತವಾಯಿಯವರೇ, ದಯಮಾಡಿಸಿದಿರಾ!" ಅಂದ. ನಾನು ಹುಡುಗಿಗೆ, "ಕೇಳಿದ್ಯಾ? ಕೇಳಿದ್ಯಾ?" ಅಂದೆ. ಅವಳು ಕೇಳಿಸಿಕೊಂಡಳು. ಕಂಪ್ಯೂಟರು ಕೇಳಿಸಿಕೊಳ್ಳಲಿಲ್ಲ. ಮೇಲಿನವರನ್ನು ಕರೆಸಿದಳು, ಅವರು ಇನ್ನೊಬ್ಬರನ್ನು ಕರೆಸಿದರು. ಪಾಸ್‌ಪೋರ್ಟಿನ ಹೆಸರಿಗೆ ಅನುಮತಿಯಿಲ್ಲ, ಅನುಮತಿಯ ಹೆಸರಿಗೆ ಪಾಸ್‌ಪೋರ್ಟಿಲ್ಲ. ಇಬ್ಬರೂ ವಿಮಾನ ಹತ್ತುವಂತಿಲ್ಲ. ಕೊನೆಗೆ ನಾನು ಕೌಂಟರಿನ ಮೇಲೆ ಕೈಯಿಟ್ಟು, "ನಾನು ಪೆಸಮಿನೋ" ಅಂದೆ. "ಬರೀ ಪೆಸಮಿನೋ. ನಮ್ಮಮ್ಮ ಸಾಯ್ತಿದಾಳೆ." ಹುಡುಗಿ ಅತ್ತುಬಿಟ್ಟಳು. ಅತ್ತುಕೊಂಡೇ, "ಹೊಸದಾಗಿ ಅರ್ಜಿ ಹಾಕಿ ಸರ್, ಬೇರೆ ದಾರಿ ಇಲ್ಲ" ಅಂದಳು.

ಅಲ್ಲೇ ಬೆಂಚಿನ ಮೇಲೆ ಕೂತು ಫೋನಿನಲ್ಲಿ ಪೆಸಮಿನೋ ಎಂದು ಹಾಕಿದೆ. ವಿಮಾನ ಹೋಯಿತು. ಸಂಜೆ ಉತ್ತರ ಬಂತು. ಅನುಮತಿಯಲ್ಲ, ಪ್ರಶ್ನೆ: ಒಂದೇ ಮುಖ, ಒಂದೇ ಪಾಸ್‌ಪೋರ್ಟು, ಎರಡು ಹೆಸರು ಹೇಗೆ? ಪಟ್ಟದ ಹೆಸರಿಗೆ ದಾಖಲೆ ಕಳಿಸಿ, ಪರಿಶೀಲಿಸುತ್ತೇವೆ. ಆ ದಾಖಲೆ ಅಪಿಯಾದಿಂದ ಬರಬೇಕು. ನಿನ್ನ ವಾಪಸಿನ ಕಾಗದ ಅಲ್ಲಿಗೆ ತಲುಪಿದ ಮೇಲೆ.

ಅಕ್ಕಾ, ಅಮ್ಮನನ್ನು ಮತ್ತೆ ಯಂತ್ರಕ್ಕೆ ಕರೆದುಕೊಂಡು ಹೋಗು. ಕಾಲು ಹಿಡಿದುಕೊಂಡು ಬೇಡುತ್ತೇನೆ. ಕೆಲವು ದಿನ. ನಾನು ಬರುವ ತನಕ.

ಮಿನೋ

*

ಮಾಂಗೆರೆ
26 ಮೇ

ಮಿನೋ,

ಶುಕ್ರವಾರ ನಾನೇ ವ್ಯಾನು ಕರೆಸಿದೆ. ಡ್ರೈವರು ಒಳಗೆ ಬಂದು ಅವಳ ಕೈ ಹಿಡಿದು ಕರೆದ. "ಇಳಿದ ಬಸ್ಸಿಗೆ ಮತ್ತೆ ಹತ್ತೋರು ಟಿಕೆಟ್ ಕಳ್ಕೊಂಡೋರು" ಎಂದು ಕಣ್ಣು ಮುಚ್ಚಿದಳು. ಆಮೇಲೆ ಬಹಳ ಹೊತ್ತು ನಿದ್ದೆ, ನಡುನಡುವೆ ಎಚ್ಚರ. ಎಚ್ಚರವಾದಾಗಲೆಲ್ಲ ಬಾಗಿಲು ನೋಡುತ್ತಿದ್ದಳು.

"ಇಳಿದ್ನಾ?"

"ಇನ್ನೊಂಚೂರು ತಡವಂತೆ ಅಮ್ಮ."

"ಹೂಂ. ದೊಡ್ಡೋರು ತಡವಾಗೇ ಬರೋದು."

ಶನಿವಾರ ನೀನು ಫೋನ್ ಮಾಡಿದಾಗ ಅವಳ ಕಿವಿಗೆ ಹಿಡಿದೆ. ನೀನು ಅಳುತ್ತಿದ್ದೆ. ಅವಳು, "ಲೋಸಿ, ಯಾರೋ ಮೂಗು ಸುರಿಸ್ತಿದಾರೆ, ಒರೆಸ್ಕೊಳ್ಳೋಕೆ ಬಟ್ಟೆ ಕೊಡೇ" ಅಂದಳು. ಅದು ನಿನಗೆ ಕೇಳಿಸಿತೋ ಇಲ್ಲವೋ.

ನಿನ್ನೆ ಬೆಳಿಗ್ಗೆ ಚರ್ಚಿನ ಗಂಟೆ ಹೊಡೆಯುವಾಗ ಹೋದಳು. ಬರುವ ಶನಿವಾರ ಮಣ್ಣು.

ಲೋಸಿ

*

ಲೋಗನ್
10 ಜೂನ್

ಅಕ್ಕಾ,

ಮಣ್ಣಿನ ದಿನ ಫೋನಿನಲ್ಲಿ ನೋಡಿದೆ. ಚರ್ಚಿನವರು ಕ್ಯಾಮೆರಾ ಎಲ್ಲಿಟ್ಟಿದ್ದರೋ, ಅರ್ಧ ಹೊತ್ತು ಯಾರದೋ ಟೋಪಿ ಕಾಣುತ್ತಿತ್ತು. ಅಮ್ಮನ ಪೆಟ್ಟಿಗೆ ನನ್ನ ಹೆಬ್ಬೆರಳಿನಷ್ಟಿತ್ತು. ಮನೆತನದ ಪರವಾಗಿ ಲೆಮತವಾಯಿ ಮಾತಾಡಬೇಕಾದ ಹೊತ್ತು ಬಂದಾಗ ಹನ್ನೊಂದು ಜನರಲ್ಲಿ ಒಬ್ಬನೂ ಅಲ್ಲಿರಲಿಲ್ಲ. ಆಮೇಲೆ ನಿನ್ನ ಗಂಡ ಎದ್ದ. ಪಾಪ ಸೊಲೊಮೋನಾ, ಹೊರಗಿನ ಮನೆತನದವನು, ನಮ್ಮ ಅಮ್ಮನ ಊರಿನ ಹೆಸರು ಹೇಳುವಾಗ ಎರಡು ಸಲ ತಡವರಿಸಿದ. ಇಲ್ಲಿ ಹಾಸಿಗೆಯ ಮೇಲೆ ಕೂತು ನಾನು ಆ ಹೆಸರನ್ನು ಜೋರಾಗಿ ಹೇಳಿದೆ. ತಾವಾಗಾ ಅಡಿಗೆಮನೆಯಿಂದ, "ಯಾರಿಗೆ ಹೇಳ್ತಿದೀರಾ?" ಅಂದಳು.

ನಿನ್ನೆ ಅನುಮತಿ ಬಂತು. "ಮಾನ್ಯ ಪೆಸಮಿನೋ." ಎರಡು ವರ್ಷ ನಡೆಯುತ್ತದಂತೆ, ಎಷ್ಟು ಸಲ ಬೇಕಾದರೂ ಹೋಗಿ ಬರಬಹುದಂತೆ. ಧಾರಾಳಿಗಳು.

ಒಂದು ತೀರ್ಮಾನ ಮಾಡಿದ್ದೇನೆ. ನಮ್ಮೂರಿನಲ್ಲಿ ಕೊಲೆ ಮಾಡಿದವನ ಮನೆಯವರು ಏನು ಮಾಡುತ್ತಾರೋ ಅದನ್ನೇ ಮಾಡುತ್ತೇನೆ. ಬೆಳಕು ಹರಿಯುವ ಮೊದಲು ನಿನ್ನ ಮನೆಯ ಎದುರು ಹುಲ್ಲಿನ ಮೇಲೆ ಮಂಡಿಯೂರಿ, ತಲೆಯ ಮೇಲೆ ಚಾಪೆ ಹೊದ್ದು ಕೂರುತ್ತೇನೆ. ನೀನು ಬಂದು ಚಾಪೆ ಎತ್ತಿದರೆ ಕ್ಷಮಿಸಿದೆ ಎಂದು ತಿಳಿಯುತ್ತೇನೆ. ಎತ್ತದಿದ್ದರೆ ಬಿಸಿಲಾಗಲಿ ಮಳೆಯಾಗಲಿ ಅಲ್ಲೇ ಇರುತ್ತೇನೆ. ಅಕ್ಕಪಕ್ಕದ ಬಿಳಿಯರು ಪೊಲೀಸರನ್ನು ಕರೆದರೆ ಕರೆಯಲಿ. ಯಾವ ದಿನ ಬರಲಿ, ಹೇಳು.

ಮಿನೋ

*

ಮಾಂಗೆರೆ
17 ಜೂನ್

ಮಿನೋ,

ನಿನ್ನ ಪತ್ರ ಬಂದು ವಾರವಾಯಿತು. ಎರಡು ಸಲ ಉತ್ತರ ಬರೆದು ಅಳಿಸಿದೆ. ಸೊಲೊಮೋನಾ, "ಒಂದು ದಿನಾಂಕ ಬರೆಯೋಕೆ ಇಷ್ಟು ಹೊತ್ತಾ?" ಅನ್ನುತ್ತಾನೆ.

ಊರಿಗೆ ಹೋಗಿ ಬರುವ ನಮ್ಮ ಚರ್ಚಿನ ಹಿರಿಯರಿಗೆಲ್ಲ ಇಂಥ ಅರ್ಜಿಗಳನ್ನು ತುಂಬಿಕೊಡುವವಳು ನಾನು. ನಿನಗೆ ಅದು ಗೊತ್ತಿಲ್ಲ, ಆರು ವರ್ಷದಲ್ಲಿ ನನ್ನ ಬಗ್ಗೆ ನಿನಗೆ ಏನೂ ಗೊತ್ತಿಲ್ಲ. ಪಟ್ಟದ ಹೆಸರನ್ನು ಮೇಲೆ ಹಾಕಿ, ಅಮ್ಮ ಇಟ್ಟ ಹೆಸರನ್ನು ಸಣ್ಣ ಜಾಗದಲ್ಲಿ ಕೂರಿಸಿದೆ ಎಂದು ನೀನು ಜಂಬದಿಂದ ಬರೆದಿದ್ದೆಯಲ್ಲ, ಆ ಸಾಲನ್ನು ಅಮ್ಮನಿಗೆ ಓದುವಾಗಲೇ ನನಗೆ ತಿಳಿಯಿತು. ವಿಮಾನ ನಿಲ್ದಾಣದಲ್ಲಿ ಹಿಡಿಯುತ್ತಾರೆ ಎಂದು ತಿಳಿಯಿತು. ನಾನು ಹೇಳಲಿಲ್ಲ. ಒಬ್ಬ ಕೌಂಟರಿನವಳು ಎಲ್ಲರ ಎದುರಿಗೆ ನಿನ್ನನ್ನು ಪೆಸಮಿನೋ ಎಂದು ಕರೆಯಲಿ, ನೀನು ಒಂದು ಸಲವಾದರೂ "ಹೌದು, ನಾನೇ" ಅನ್ನಲಿ ಎಂದು ಆಸೆಯಾಯಿತು. ಅಲ್ಲೇ ತಿದ್ದಿ ಕಳಿಸುತ್ತಾರೆ, ನಿನ್ನ ಮುಖ ಒಂದಿಷ್ಟು ಕೆಂಪಾಗುತ್ತದೆ, ಅಷ್ಟೇ ಎಂದುಕೊಂಡೆ. ನಾನು ಕಲಿತಿದ್ದು ಸರಿಯಾಗಿ ತುಂಬುವುದನ್ನು. ತಪ್ಪಾಗಿ ತುಂಬಿದರೆ ಏನಾಗುತ್ತದೆ ಎಂದು ನೋಡಿರಲಿಲ್ಲ.

ಆ ಸೋಮವಾರ ವ್ಯಾನು ವಾಪಸು ಹೋದಾಗ ಆಟ ಕೈಮೀರಿತೆಂದು ಗೊತ್ತಾಯಿತು. ಆಗಲಾದರೂ ನಿನಗೆ ಬರೆಯಬಹುದಿತ್ತು, ಮೂರು ದಿನವಿತ್ತು. ಅಂದು ನಿನಗೆ ಬರೆದೆ ಕೂಡ. ಎಲೆ, ತೆಂಗಿನ ಹಾಲು, ಮುದುಕಿಯರು ಎಲ್ಲವನ್ನೂ ಬರೆದೆ. ಇದೊಂದನ್ನು ಬಿಟ್ಟೆ. ಹೇಳಿದರೆ ಮೊದಲೇ ಯಾಕೆ ಹೇಳಲಿಲ್ಲ ಎಂದು ನೀನು ಕೇಳುತ್ತೀಯ, ಅದಕ್ಕೆ ಏನು ಹೇಳುವುದು ಎಂದು ಯೋಚಿಸುತ್ತಾ ಪತ್ರ ಕಳಿಸಿಬಿಟ್ಟೆ.

ಹಾಗಾಗಿ ನೀನು ಬೆಳಕು ಹರಿಯುವ ಮೊದಲು ಬಂದು ಹುಲ್ಲಿನ ಮೇಲೆ ಚಾಪೆ ಹೊದ್ದು ಕೂತೆ ಎಂದಿಟ್ಟುಕೊ. ನಾನು ಬಾಗಿಲು ತೆರೆದು ಬರುತ್ತೇನೆ, ಬಂದು ನಿನ್ನ ಪಕ್ಕದಲ್ಲಿ ಅದೇ ಚಾಪೆಯ ಇನ್ನೊಂದು ತುದಿ ಎಳೆದುಕೊಂಡು ಕೂರಬೇಕಾಗುತ್ತದೆ. ಆಮೇಲೆ? ಸೊಲೊಮೋನಾ ಕಿಟಕಿಯಿಂದ ನೋಡುತ್ತಾನೆ, ಅವನು ನಮ್ಮ ಮನೆತನದವನಲ್ಲ, ಮುಟ್ಟುವಂತಿಲ್ಲ. ಮುಟ್ಟಬಹುದಾಗಿದ್ದವಳು ಒಬ್ಬಳೇ. "ಏಳ್ರೋ, ಊರವರ ಮುಂದೆ ಏನಿದು ನಾಟಕ, ಗಂಜಿ ಆರಿ ಹೋಗ್ತಿದೆ" ಎಂದು ಚಾಪೆ ಕಿತ್ತು ಬಿಸಾಕುತ್ತಿದ್ದಳು.

ಬರುವುದಾದರೆ ಬಾ, ಮಿನೋ. ಯಾವ ದಿನವಾದರೂ ಬಾ, ಎರಡು ವರ್ಷ ಇದೆಯಲ್ಲ. ಚಾಪೆ ಮಾತ್ರ ತರಬೇಡ. ಎತ್ತುವವರಿಲ್ಲದ ಚಾಪೆಯ ಕೆಳಗೆ ನಾವಿಬ್ಬರೂ ಎಷ್ಟು ಹೊತ್ತು ಅಂತ ಕೂರುವುದು?

ಲೋಸಿ